ಪರಕಾಯ ಪ್ರವೇಶ

ಇದ್ದಲ್ಲಿಯೇ ಇದ್ದು ಇನ್ನೊಂದು ಕಡೆಯಲ್ಲಿಯೂ ಇರಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಹಿಂದಿನ ಕಾಲದಲ್ಲಿ ಪರವೂರಿನ ಮಗನಿಗೆ ಕಾಗದ ಬರೆಯಲು ಕುಳಿತ ತಂದೆ, ಬರೆದು ಮುಗಿಸುವವರೆಗೆ ಅರ್ಧ ಆ ಊರಿನಲ್ಲಿಯೇ ಇರುತ್ತಿದ್ದ. ಟ್ರಂಕ್ ಕಾಲಿಗೆ ಗಂಟೆಗಟ್ಟಲೆ ಕಾದು, ಸಿಕ್ಕ ಮೂರು ನಿಮಿಷದಲ್ಲಿ ಕೂಗಿ ಕೂಗಿ ಮಾತನಾಡಿದ ಗೃಹಸ್ಥ ಅಷ್ಟು ಹೊತ್ತು ಬೊಂಬಾಯಿಗೆ ಹೋಗಿ ಬಂದಂತೆಯೇ ಸರಿ. ಆದರೆ ಕಾಗದವಾಗಲಿ ಟೆಲಿಫೋನಾಗಲಿ ಮಾತನ್ನು ಒಯ್ಯುತ್ತಿದ್ದವೇ ಹೊರತು ಕೈಯನ್ನು ಒಯ್ಯುತ್ತಿರಲಿಲ್ಲ. ಬೊಂಬಾಯಿಯ ಮನೆಯಲ್ಲಿ ನಲ್ಲಿ ಸೋರುತ್ತಿದ್ದರೆ ಇಲ್ಲಿಂದ ಅದನ್ನು ತಿರುಗಿಸಿ ನಿಲ್ಲಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ದೂರದ ಕೆಲಸಕ್ಕೆ ಇಲ್ಲಿಂದಲೇ ಕೈಹಾಕುವ ವಿದ್ಯೆ ಸಾಮಾನ್ಯ ಗೃಹಸ್ಥನಿಗೆ ಕೈಗೂಡಿದ್ದು ಕಂಪ್ಯೂಟರು ಮನೆಗೆ ಬಂದ ಮೇಲೆ.

ಇಂದು ಬೆಂಗಳೂರಿನಲ್ಲಿ ಆ ವಿದ್ಯೆ ಬಲ್ಲವರಿಗೆ ಬರವಿಲ್ಲ. ಜಯನಗರವಾಗಲಿ, ಮಲ್ಲೇಶ್ವರವಾಗಲಿ, ರಾತ್ರಿ ಒಂಬತ್ತರ ಮೇಲೆ ಯಾವುದಾದರೊಂದು ಮನೆಯೊಳಗೆ ಇಣುಕಿದರೆ ಇಂಥ ನೋಟ ಕಾಣಸಿಗುತ್ತದೆ: ತಾಯಿ ಮರುದಿನದ ಅಡಿಗೆಗಾಗಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಾರೆ, ಮಗು ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಒಪ್ಪಿಸುತ್ತಿದೆ, ಮನೆಯ ಯಜಮಾನ ಮೂಲೆಯ ಮೇಜಿನ ಮುಂದೆ ಕುಳಿತಿದ್ದಾನೆ. ಬಂದ ನೆಂಟರು "ಎಲ್ಲಿ, ನಿಮ್ಮವರು ಕಾಣಿಸಲಿಲ್ಲ?" ಎಂದರೆ ಹೆಂಡತಿ, "ಇಲ್ಲೇ ಇದ್ದಾರಲ್ಲ" ಎನ್ನುತ್ತಾಳೆ. ಅವಳ ಮಾತು ಅರ್ಧ ಸತ್ಯ. ಅವನ ಬೆನ್ನು, ಅವನ ಪಂಚೆ, ತಣ್ಣಗಾದ ಕಾಫಿಯ ಲೋಟ ಇವು ಇಲ್ಲಿವೆ. ಆದರೆ ಅವನ ಗಮನ, ಅವನ ಕೈಯ ಅಧಿಕಾರ, ತಪ್ಪಾದರೆ ಅವನು ಹೇಳಬೇಕಾದ ಉತ್ತರ ಇವೆಲ್ಲವೂ ಆ ಹೊತ್ತಿನಲ್ಲಿ ಅಮೆರಿಕದ ವರ್ಜೀನಿಯದಲ್ಲೋ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲೋ, ತಣ್ಣನೆಯ ಕೋಣೆಯೊಂದರಲ್ಲಿ ಸಾಲುಸಾಲಾಗಿ ಜೋಡಿಸಿದ ಯಂತ್ರಗಳ ನಡುವೆ ಇರುತ್ತವೆ.

ಅವನ ಮೇಜಿನ ಮೇಲಿರುವುದು ವಿಂಡೋಸ್ ನಡೆಸುವ ಕಂಪ್ಯೂಟರು. ಅದು ಚಿತ್ರಪ್ರಿಯವಾದ ಯಂತ್ರ. ಹಿನ್ನೆಲೆಯಲ್ಲಿ ಹಸುರು ಬೆಟ್ಟ, ಅಂಚಿನಲ್ಲಿ ಬಣ್ಣಬಣ್ಣದ ಗುರುತುಗಳು, ಬೇಕಾದುದನ್ನು ಬೆರಳಿನಿಂದ ತೋರಿಸಿದರೆ ಸಾಕು. ದೂರದ ಯಂತ್ರವಾದರೋ ಯೂನಿಕ್ಸ್ ವಂಶದ್ದು. ಅದರ ಮುಂದೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ, ಕುರ್ಚಿ ಹಾಕಿಕೊಂಡು ಕುಳಿತವರೂ ಇಲ್ಲ. ಅದಕ್ಕೆ ಅಕ್ಷರಗಳಲ್ಲಿ ಆಜ್ಞೆ ಕೊಡಬೇಕು. ಅದು ಅಕ್ಷರಗಳಲ್ಲಿಯೇ ಉತ್ತರ ಕೊಡುತ್ತದೆ. ಎರಡು ಬೇರೆ ಸಂಪ್ರದಾಯಗಳ ಈ ಯಂತ್ರಗಳ ನಡುವೆ ಸಂಬಂಧ ಕುದುರಿಸುವುದು ಪರದೆಯ ಮೇಲೆ ತೆರೆದುಕೊಂಡಿರುವ ಒಂದು ಸಣ್ಣ ಕಪ್ಪು ಕಿಟಕಿ.

ಆ ಕಿಟಕಿಯಲ್ಲಿ ನಡೆಯುವುದನ್ನು ತಿಳಿದರೆ ಯಾರಿಗಾದರೂ ವಿಸ್ಮಯವಾಗದಿರದು. ಗೃಹಸ್ಥ ಒಂದು ಅಕ್ಷರವನ್ನು ಒತ್ತುತ್ತಾನೆ. ಅಕ್ಷರ ಪರದೆಯ ಮೇಲೆ ಮೂಡುತ್ತದೆ. ತಾನು ಒತ್ತಿದ್ದೇ ಮೂಡಿತೆಂದು ಅವನು ತಿಳಿಯುತ್ತಾನೆ. ವಾಸ್ತವವಾಗಿ, ಒತ್ತಿದ ಅಕ್ಷರ ಕಡಲಡಿಯ ತಂತಿಗಳನ್ನು ಹಾದು ದೂರದ ಯಂತ್ರವನ್ನು ಮುಟ್ಟಿ, ಆ ಯಂತ್ರ ಅದನ್ನು ಪ್ರತಿಧ್ವನಿಯಂತೆ ಹಿಂದಿರುಗಿಸಿದ ಮೇಲೆಯೇ ಇಲ್ಲಿ ಕಾಣುತ್ತದೆ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ ಬರಲು ಅದಕ್ಕೆ ಸುಮಾರು ಕಾಲು ಸೆಕೆಂಡು ಸಾಕು. ಸಂಪರ್ಕ ನಿಧಾನವಾದ ದಿನ ಮಾತ್ರ ಈ ಗುಟ್ಟು ರಟ್ಟಾಗುತ್ತದೆ: ಬೆರಳು ಮುಂದೆ ಹೋಗಿರುತ್ತದೆ, ಅಕ್ಷರಗಳು ಹಬ್ಬದ ಸಂತೆಯಿಂದ ಹಿಂದಿರುಗುವ ಮಕ್ಕಳಂತೆ ಒಂದೊಂದಾಗಿ ತಡವಾಗಿ ಬರುತ್ತವೆ. ಪಾಸ್‌ವರ್ಡನ್ನು ಕೇಳಿದಾಗ ಮಾತ್ರ ದೂರದ ಯಂತ್ರ ಅಕ್ಷರಗಳನ್ನು ಹಿಂದಿರುಗಿಸುವುದೇ ಇಲ್ಲ. ಹೊಸಬರು ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗುವುದು ಇಲ್ಲಿಯೇ. ಯಂತ್ರ ಕೆಟ್ಟಿರುವುದಿಲ್ಲ, ಗುಟ್ಟಿನ ಮಾತನ್ನು ಗಟ್ಟಿಯಾಗಿ ಮರುನುಡಿಯಬಾರದೆಂಬ ಮರ್ಯಾದೆ ಅದಕ್ಕೆ ಗೊತ್ತಿದೆ, ಅಷ್ಟೆ.

ಈ ವಿದ್ಯೆ ಯೂನಿಕ್ಸಿಗಿಂತಲೂ ಹಳೆಯದು. 1940ರ ಸೆಪ್ಟೆಂಬರ್ 11ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ಸೇರಿತ್ತು. ಬೆಲ್ ಪ್ರಯೋಗಶಾಲೆಯ ಜಾರ್ಜ್ ಸ್ಟಿಬಿಟ್ಜ್ ಎಂಬವರು ಅಲ್ಲಿ ಒಂದು ಟೆಲಿಪ್ರಿಂಟರನ್ನು ಇರಿಸಿ ಲೆಕ್ಕಗಳನ್ನು ಒತ್ತಿ ತೋರಿಸಿದರು. ಲೆಕ್ಕ ಮಾಡುವ ಯಂತ್ರ ಇದ್ದದ್ದು ನೂರಾರು ಮೈಲಿ ಆಚೆ, ನ್ಯೂಯಾರ್ಕಿನಲ್ಲಿ. ಉತ್ತರ ತಂತಿಯಲ್ಲಿ ಹಿಂದಿರುಗಿ ಸಭಿಕರ ಕಣ್ಣೆದುರಿನಲ್ಲೇ ಅಚ್ಚಾಯಿತು. ಆಮೇಲೆ 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಸ್ಟ್ಯಾನ್‌ಫರ್ಡಿನ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿನೊಳಗೆ ಪ್ರವೇಶಿಸಲು ‘ಲಾಗಿನ್’ ಎಂಬ ಪದವನ್ನು ಒತ್ತತೊಡಗಿದ. ಮೊದಲೆರಡು ಅಕ್ಷರ ತಲಪಿದವು. ಮೂರನೆಯದಕ್ಕೆ ಆ ಕಡೆಯ ಯಂತ್ರ ಕುಸಿದುಬಿತ್ತು. ಸುಮಾರು ಒಂದು ಗಂಟೆಯ ನಂತರ ಮತ್ತೆ ಯತ್ನಿಸಿದಾಗ ಬಾಗಿಲು ತೆರೆಯಿತು. ಇಂದಿನ ಇಂಟರ್‌ನೆಟ್ಟಿನ ಮೂಲವೆಂದು ಎಲ್ಲರೂ ಹೊಗಳುವ ಆ ಪ್ರಥಮ ಸಂದೇಶ ಶುಭಾಶಯವೂ ಅಲ್ಲ, ಸಿದ್ಧಾಂತವೂ ಅಲ್ಲ. ಇನ್ನೊಬ್ಬರ ಯಂತ್ರದ ಹೊಸ್ತಿಲಲ್ಲಿ ನಿಂತು ‘ಒಳಗೆ ಬರಬಹುದೇ?’ ಎಂದು ಕೇಳಿದ ಪ್ರಶ್ನೆ.

ಅದೇ 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸಿನ ಕೆಲಸಕ್ಕೆ ಕೈಯಿಟ್ಟರು. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಒಟ್ಟು ಕುಟುಂಬದ ಪದ್ಧತಿ ಅದು. ಒಬ್ಬೊಬ್ಬರ ಮುಂದೆಯೂ ಒಂದೊಂದು ಟೆಲಿಪ್ರಿಂಟರು. ಮುಂದೆ ಅದರ ಸ್ಥಾನಕ್ಕೆ ಗಾಜಿನ ಪರದೆಯ ಟರ್ಮಿನಲ್ಲುಗಳು ಬಂದವು. 1978ರಲ್ಲಿ ಡಿಜಿಟಲ್ ಕಂಪನಿ ಹೊರತಂದ ‘ವಿಟಿ 100’ ಇವುಗಳಲ್ಲಿ ಹೆಸರಾದದ್ದು: ಸಾಲಿಗೆ 80 ಅಕ್ಷರ, ಪರದೆಗೆ 24 ಸಾಲು. ಆ ಯಂತ್ರ ಮಾರುಕಟ್ಟೆಯಿಂದ ಮರೆಯಾಗಿ ದಶಕಗಳೇ ಸಂದವು. ಆದರೆ ಗೃಹಸ್ಥನ ಕಪ್ಪು ಕಿಟಕಿ ಇಂದಿಗೂ ಆಡುತ್ತಿರುವುದು ಅದೇ ವೇಷ. ತಾನು ಎಷ್ಟು ಶಕ್ತಿವಂತವಾಗಿದ್ದರೂ ಆ ಹೊತ್ತಿಗೆ ಹೊಸ ಕಂಪ್ಯೂಟರು ಹಳೆಯ ಟರ್ಮಿನಲ್ಲಿನ ಬಣ್ಣ ಹಚ್ಚಿ ರಂಗಕ್ಕೆ ಬರುತ್ತದೆ. ದೂರದ ಯೂನಿಕ್ಸೂ ತನ್ನ ಎದುರಿಗೆ ಹಳೆಯ ಪರಿಚಯದ ಟರ್ಮಿನಲ್ಲೇ ಕುಳಿತಿದೆಯೆಂದು ನಂಬಿ ನೆಮ್ಮದಿಯಿಂದ ಮಾತಿಗೆ ತೊಡಗುತ್ತದೆ.

ಇಂಥ ವೇಷಗಳಲ್ಲಿ ಪ್ರಸಿದ್ಧವಾದದ್ದು 1999ರಲ್ಲಿ ಇಂಗ್ಲೆಂಡಿನ ಸೈಮನ್ ಟಾಥಮ್ ಹಂಚಲು ಮೊದಲುಮಾಡಿದ ಒಂದು ಪುಟ್ಟ ತಂತ್ರಾಂಶ. ಅದರ ಹೆಸರು ಅಕ್ಷರಗಳನ್ನು ಕೂಡಿಸಿ ಓದುವ ಕನ್ನಡಿಗನ ಬಾಯಲ್ಲಿ ‘ಪುಟ್ಟಿ’ಯಾಗುತ್ತದೆ. "ಪುಟ್ಟಿ ಯಾಕೋ ಬಾಯೇ ಬಿಡುತ್ತಿಲ್ಲ" ಎಂದು ಮೊಮ್ಮಗ ಫೋನಿನಲ್ಲಿ ಹೇಳುವುದನ್ನು ಕೇಳಿದ ಅಜ್ಜಿ, ಯಾರ ಮನೆಯ ಮಗುವಿಗೆ ಏನಾಯಿತೋ ಎಂದು ಹೌಹಾರಿದರೆ ತಪ್ಪು ಅವರದಲ್ಲ. ಬಿಡಿಗಾಸು ಕೇಳದೆ, ಒಂದೇ ಕಡತದಲ್ಲಿ ಮಡಿಸಿಟ್ಟಂತೆ ಬರುತ್ತಿದ್ದ ಈ ಪುಟ್ಟಿಯೇ ವರ್ಷಗಟ್ಟಲೆ ವಿಂಡೋಸಿನಿಂದ ಯೂನಿಕ್ಸಿಗೆ ಹೋಗುವವರ ಹಾದಿ. 2018ರ ಹೊತ್ತಿಗೆ ವಿಂಡೋಸೇ ಅಂಥ ಸೌಕರ್ಯವನ್ನು ತನ್ನೊಳಗೆ ಸೇರಿಸಿಕೊಂಡಿತು.

ಕನ್ನಡನಾಡಿನ ಎಷ್ಟೋ ಮಂದಿಗೆ ಈ ದೂರಪ್ರವೇಶದ ಮೊದಲ ಪಾಠ ಸಿಕ್ಕಿದ್ದು ಇದಕ್ಕೂ ಮುಂಚೆ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆದಾಗ, ವಿದ್ಯಾರ್ಥಿಗಳ ಕೈಗೆಟುಕುತ್ತಿದ್ದುದು ‘ಷೆಲ್ ಖಾತೆ’ ಎಂಬ ಅಕ್ಷರಮಾತ್ರದ ಸೌಕರ್ಯ. ಮನೆಯ ಕಂಪ್ಯೂಟರಿಗೆ ಮೋಡೆಮ್ ಜೋಡಿಸಿ, ಟೆಲಿಫೋನಿನ ಮೂಲಕ ನಿಗಮದ ಯೂನಿಕ್ಸ್ ಯಂತ್ರವನ್ನು ಕರೆದು, ಅದರೊಳಗೆ ಹೋಗಿ ಕುಳಿತು, ಅಲ್ಲಿಂದ ಲೋಕವನ್ನು ನೋಡಬೇಕಾಗಿತ್ತು. ಚಿತ್ರವಿಲ್ಲ, ಬಣ್ಣವಿಲ್ಲ. ಮೋಡೆಮಿನ ಕಿರಿಚಾಟ ನಿಂತು ಪರದೆಯ ಮೇಲೆ ಬಾಗಿಲಿನ ಪ್ರಶ್ನೆ ಮೂಡಿತೆಂದರೆ ಸಾಕು, ಮನೆಮಂದಿಯೆಲ್ಲ ಬಂದು ಹಿಂದೆ ನಿಲ್ಲುತ್ತಿದ್ದರು. ಅಷ್ಟು ಹೊತ್ತೂ ಮನೆಯ ಟೆಲಿಫೋನು ಬೇರೆ ಯಾರಿಗೂ ಸಿಗುತ್ತಿರಲಿಲ್ಲವೆಂಬುದು ಬೇರೆ ಮಾತು.

ಬಾಗಿಲು ದಾಟಿದ ಮೇಲೆ ಪರವೂರಿನ ರೀತಿನೀತಿಗಳನ್ನು ಕಲಿಯಬೇಕು. ಕನ್ನಡದವನಿಗೆ ‘ಅವಸರ’ವೆಂದರೆ ಆತುರ, ನೆರೆಯ ತೆಲುಗಿನವನಿಗೆ ಅದೇ ಮಾತು ‘ಅಗತ್ಯ’. ಈ ಎರಡು ಯಂತ್ರಗಳ ನಡುವೆಯೂ ಹಾಗೆಯೇ. ವಿಂಡೋಸಿನಲ್ಲಿ ‘ಕಂಟ್ರೋಲ್’ ಮತ್ತು ‘ಸಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಹದ ನಕಲು ಸಿಗುತ್ತದೆ. ಯೂನಿಕ್ಸಿನಲ್ಲಿ ಅದು ‘ಮಾಡುತ್ತಿರುವ ಕೆಲಸ ನಿಲ್ಲಿಸು’ ಎಂಬ ಆಜ್ಞೆ. ಎರಡು ಸಾಲು ನಕಲು ಮಾಡಲು ಹೋಗಿ ಎರಡು ಗಂಟೆಯ ಲೆಕ್ಕಾಚಾರವನ್ನು ಕೊಂದವರುಂಟು. ವಿಂಡೋಸು ದೊಡ್ಡಕ್ಷರ ಸಣ್ಣಕ್ಷರಗಳಿಗೆ ಸಾಮಾನ್ಯವಾಗಿ ಭೇದವೆಣಿಸುವುದಿಲ್ಲ. ಯೂನಿಕ್ಸಿಗೆ ಅವು ಬೇರೆ ಬೇರೆ ಹೆಸರುಗಳು. ಸಾಲು ಮುಗಿಯಿತೆಂಬುದಕ್ಕೂ ಎರಡು ಮತಗಳಿವೆ. ಟೈಪ್‌ರೈಟರಿನಲ್ಲಿ ಬಂಡಿಯನ್ನು ಬಲಕ್ಕೆ ತಳ್ಳುವುದು ಒಂದು ಕೆಲಸ, ಕಾಗದವನ್ನು ಮೇಲಕ್ಕೆ ಸರಿಸುವುದು ಇನ್ನೊಂದು. ಟೆಲಿಪ್ರಿಂಟರಿನಿಂದ ಉಳಿದುಬಂದ ಆ ಎರಡು ಗುರುತುಗಳನ್ನೂ ವಿಂಡೋಸು ಪ್ರತಿ ಸಾಲಿನ ಕೊನೆಗೆ ಭಕ್ತಿಯಿಂದ ಇಡುತ್ತದೆ. ಯೂನಿಕ್ಸು ಒಂದೇ ಸಾಕೆನ್ನುತ್ತದೆ. ಇಲ್ಲಿ ಬರೆದ ಆಜ್ಞಾಪತ್ರವನ್ನು ಹಾಗೆಯೇ ಅಲ್ಲಿಗೆ ಒಯ್ದರೆ ಕಣ್ಣಿಗೆ ಕಾಣದ ಆ ಹೆಚ್ಚಿನ ಗುರುತಿಗೆ ಎಡವಿ ಅದು ನಡೆಯದೆ ನಿಂತುಬಿಡುವುದುಂಟು.

ಇವೆಲ್ಲ ಸಣ್ಣಪುಟ್ಟ ತೊಡಕುಗಳು. ಒಂದೆರಡು ವಾರದಲ್ಲಿ ಅಭ್ಯಾಸವಾಗಿಬಿಡುತ್ತವೆ. ಅಭ್ಯಾಸವಾದಷ್ಟೂ ಮರೆತುಹೋಗುವ ಪ್ರಶ್ನೆಗಳು ಮೂರು. ದೂರಪ್ರವೇಶದ ಕ್ಷೇಮವೆಲ್ಲ ಅವುಗಳಲ್ಲಿದೆ.

ಮೊದಲನೆಯದು ದೂರದ ಯಂತ್ರ ಕೇಳುವ ಪ್ರಶ್ನೆ: ‘ಯಾರು ನೀನು?’ ಮುಖ ಕಾಣದು, ದನಿ ಕೇಳದು. ಪಾಸ್‌ವರ್ಡು ಹೇಳಿದವನೇ ಮನೆಯವನು. ಬಹುಕಾಲ ಬಳಕೆಯಲ್ಲಿದ್ದ ‘ಟೆಲ್‌ನೆಟ್’ ಎಂಬ ವಿಧಾನದಲ್ಲಿ ಈ ಗುಟ್ಟು ಅಂಚೆಕಾರ್ಡಿನ ಮೇಲೆ ಬರೆದಂತೆ ತೆರೆದೇ ಹೋಗುತ್ತಿತ್ತು. ದಾರಿಯಲ್ಲಿ ಓದಬಲ್ಲವರೆಲ್ಲ ಓದಬಹುದಾಗಿತ್ತು, ಓದಿದರೂ ಕೂಡ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಹೀಗೆ ಪಾಸ್‌ವರ್ಡುಗಳ ಕಳವು ನಡೆದಾಗ, ಅಲ್ಲಿಯ ತಾತು ಯೂಲೊನೆನ್ ಎಂಬ ಸಂಶೋಧಕ ಗೊಣಗುತ್ತ ಕೂರದೆ, ಕಾರ್ಡಿಗೆ ಬದಲಾಗಿ ಅರಗು ಮುದ್ರೆಯ ಲಕೋಟೆಯಂಥ ಹೊಸ ವಿಧಾನವನ್ನು ರಚಿಸಿ ಅದೇ ವರ್ಷ ಲೋಕಕ್ಕೆ ಹಂಚಿದ. ಅದೇ ಇಂದು ಎಲ್ಲರೂ ಬಳಸುವ ‘ಎಸ್‌ಎಸ್‌ಎಚ್’. ಕಡತ ಸಾಗಿಸುವ ಹಳೆಯ ವಿಧಾನದ ಬಾಗಿಲಿನ ಸಂಖ್ಯೆ 21, ಟೆಲ್‌ನೆಟ್ಟಿನದು 23. ನಡುವೆ ಖಾಲಿಯಿದ್ದ 22ನ್ನು ಅವನು ಕೇಳಿ ಪಡೆದುಕೊಂಡ.

ಈ ವಿಧಾನದಲ್ಲಿ ಪಾಸ್‌ವರ್ಡಿಲ್ಲದೆಯೂ ಒಳಗೆ ಹೋಗುವ ಉಪಾಯವುಂಟು. ಗೃಹಸ್ಥ ಒಂದು ಬೀಗವನ್ನೂ ಅದಕ್ಕೆ ಹೊಂದುವ ಕೀಲಿಕೈಯನ್ನೂ ಮಾಡಿಸಿಕೊಂಡು, ಬೀಗವನ್ನು ದೂರದ ಯಂತ್ರಕ್ಕೆ ಕಳುಹಿಸುತ್ತಾನೆ. ಬೀಗವನ್ನು ಯಾರು ನೋಡಿದರೂ ನಷ್ಟವಿಲ್ಲ. ಕೀಲಿಕೈ ಮಾತ್ರ ಮನೆಯ ಹೊಸ್ತಿಲನ್ನು ಎಂದೂ ದಾಟುವುದಿಲ್ಲ. ಅದು ತನ್ನ ಬಳಿ ಇದೆಯೆಂಬ ಸಾಕ್ಷ್ಯವಷ್ಟೇ ಪ್ರತಿಸಲ ಅಲ್ಲಿಗೆ ಹೋಗುತ್ತದೆ. ಇಷ್ಟು ಜಾಣತನದ ಏರ್ಪಾಡನ್ನು ಮಾಡಿಕೊಂಡು, ಕೀಲಿಕೈಯ ಕಡತವನ್ನೇ ಕಚೇರಿಯ ಗೆಳೆಯನಿಗೆ ಮಿಂಚಂಚೆಯಲ್ಲಿ ಕಳುಹಿಸಿಬಿಡುವವರೂ ಇದ್ದಾರೆ. ಅಂಥವರಿಗೆ ಯಾವ ಬೀಗವೂ ಸಾಲದು.

ಎರಡನೆಯ ಪ್ರಶ್ನೆ ಇದರ ಮಗ್ಗುಲಿನದು: ‘ಒಳಗಿರುವವನು ಯಾರು?’ ಮನೆಯವನು ತನ್ನ ಗುರುತು ಹೇಳುವುದು ಸರಿ. ಬಾಗಿಲು ತೆರೆದವನು ತನ್ನವನೇ ಎಂಬುದನ್ನು ಅವನು ನೋಡಬೇಡವೇ? ದಾರಿಯ ನಡುವೆ ಇನ್ನಾವನೋ ಅದೇ ಬಣ್ಣದ ಬಾಗಿಲನ್ನಿಟ್ಟು ಕುಳಿತಿರಬಹುದು. ಆದ್ದರಿಂದ ಹೊಸ ಯಂತ್ರಕ್ಕೆ ಮೊದಲ ಸಲ ಹೋದಾಗ ಕಪ್ಪು ಕಿಟಕಿ ನಿಂತು ಕೇಳುತ್ತದೆ: ಈ ಯಂತ್ರ ತಾನು ಹೇಳಿಕೊಳ್ಳುವ ಯಂತ್ರವೇ ಎಂಬುದು ಖಚಿತವಿಲ್ಲ, ಅದರ ಹೆಬ್ಬೆಟ್ಟಿನ ಗುರುತು ಇಂಥದು, ಮುಂದುವರಿಯಬಹುದೇ? ಗುರುತನ್ನು ಮೊದಲೇ ಪಡೆದು, ಅಕ್ಷರಕ್ಕೆ ಅಕ್ಷರ ಹೋಲಿಸಿ, ಆಮೇಲೆ ‘ಹೌದು’ ಎನ್ನಬೇಕೆಂಬುದು ಶಾಸ್ತ್ರ. ಲೋಕದ ರೂಢಿ ಬೇರೆ. ಹೆಣ್ಣು ಕೊಡುವಾಗ ಮೂರು ತಲೆಮಾರು ವಿಚಾರಿಸುವ, ತರಕಾರಿಯವನ ತಕ್ಕಡಿಯನ್ನು ಬಗ್ಗಿ ನೋಡುವ ಗೃಹಸ್ಥನೂ ಇಲ್ಲಿ ಪ್ರಶ್ನೆಯನ್ನು ಓದುವ ಮೊದಲೇ ‘ಹೌದು’ ಎಂದುಬಿಡುತ್ತಾನೆ. ಆ ಗುರುತನ್ನು ಅವನ ಕಂಪ್ಯೂಟರು ನೆನಪಿಟ್ಟುಕೊಂಡು, ಮುಂದೆ ಎಂದಾದರೂ ಅದು ಬದಲಾದರೆ ಪರದೆಯ ತುಂಬ ಡಂಗುರ ಸಾರಿ ತಡೆಯುತ್ತದೆ. ಮೊದಲ ದಿನ ತಪ್ಪು ಮನೆಗೇ ಹೋಗಿದ್ದರೆ ಆ ಡಂಗುರದಿಂದ ಉಪಯೋಗವಿಲ್ಲ.

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹೋದವನು ತಾನೇ ಕೇಳಿಕೊಳ್ಳಬೇಕು: ‘ನಾನೀಗ ಎಲ್ಲಿದ್ದೇನೆ?’ ಶಂಕರ ವಿಜಯದ ಕಥೆ ಓದುಗರಿಗೆ ತಿಳಿದದ್ದೇ. ಉಭಯಭಾರತಿಯ ಪ್ರಶ್ನೆಗೆ ಉತ್ತರ ಕಾಣಲು ಆಚಾರ್ಯರು ತಮ್ಮ ದೇಹವನ್ನು ಗುಹೆಯಲ್ಲಿ ಶಿಷ್ಯರ ಕಾವಲಿಗೆ ಒಪ್ಪಿಸಿ, ಮೃತನಾದ ಅಮರುಕ ರಾಜನ ಶರೀರವನ್ನು ಹೊಕ್ಕರು. ಹೊಗುವುದು ಅವರಿಗೆ ಕಷ್ಟವಾಗಲಿಲ್ಲ. ಅರಮನೆಯಲ್ಲಿ ದಿನಗಳು ಕಳೆದಂತೆ ತಾವು ಯಾರು, ಎಲ್ಲಿಂದ ಬಂದವರು ಎಂಬ ನೆನಪೇ ಮಸಕಾಯಿತು. ಶಿಷ್ಯರು ಗಾಯಕರ ವೇಷದಲ್ಲಿ ಬಂದು ಹಾಡಿ ಎಚ್ಚರಿಸಬೇಕಾಯಿತು. ಪರಕಾಯ ಪ್ರವೇಶದ ಅಪಾಯವೆಲ್ಲ ಈ ಮರೆವಿನಲ್ಲಿದೆ.

ಗೃಹಸ್ಥನ ಪರದೆಯ ಮೇಲೆ ಒಂದು ಕಪ್ಪು ಕಿಟಕಿಯ ಪಕ್ಕದಲ್ಲಿ ಇನ್ನೊಂದಿರುತ್ತದೆ, ಮೂರನೆಯದಿರುತ್ತದೆ. ಒಂದು ಪರೀಕ್ಷೆಗೆಂದು ಇಟ್ಟ ಯಂತ್ರ. ಇನ್ನೊಂದು ಸಾವಿರಾರು ಜನರ ಹಣ, ಕಾಗದಪತ್ರ ನೋಡಿಕೊಳ್ಳುವ ಯಂತ್ರ. ಎರಡಕ್ಕೂ ಮುಖ ಒಂದೇ, ಮಾತು ಒಂದೇ. ಯೂನಿಕ್ಸು ವಿಧೇಯ ಸೇವಕ. ಅಳಿಸೆಂದರೆ ಅಳಿಸುತ್ತದೆ, ‘ನಿಜವಾಗಿಯೂ?’ ಎಂದು ಸಾಮಾನ್ಯವಾಗಿ ಕೇಳುವುದಿಲ್ಲ. 2017ರ ಜನವರಿ 31ರಂದು ‘ಗಿಟ್‌ಲ್ಯಾಬ್’ ಎಂಬ ಸಂಸ್ಥೆಯಲ್ಲಿ ಹೀಗೇ ಆಯಿತು. ರಾತ್ರಿಯ ಹೊತ್ತು ತೊಂದರೆಯೊಂದನ್ನು ಸರಿಪಡಿಸುತ್ತಿದ್ದ ನೌಕರನೊಬ್ಬ, ನಕಲು ಪ್ರತಿಯ ಯಂತ್ರದಲ್ಲಿದ್ದೇನೆಂದು ತಿಳಿದು ಮೂಲ ಯಂತ್ರದ ದತ್ತಾಂಶವನ್ನೇ ಅಳಿಸಲು ಆಜ್ಞೆ ಕೊಟ್ಟ. ಒಂದೆರಡು ಸೆಕೆಂಡುಗಳಲ್ಲಿ ತಪ್ಪು ಹೊಳೆದು ಆಜ್ಞೆಯನ್ನು ತಡೆದ. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5. ಸಂಸ್ಥೆಯಲ್ಲಿ ಪ್ರತಿಗಳನ್ನು ತೆಗೆದಿಡಲು ಮಾಡಿದ್ದ ಏರ್ಪಾಡುಗಳಲ್ಲಿ ಹಲವು ಕೆಲಸಕ್ಕೆ ಬರಲಿಲ್ಲ. ಅದೃಷ್ಟಕ್ಕೆ, ಆರು ಗಂಟೆಗಳ ಹಿಂದೆ ಕೈಯಿಂದ ತೆಗೆದಿಟ್ಟ ಒಂದು ಪ್ರತಿ ಇತ್ತು. ಆಮೇಲಿನ ಆರು ಗಂಟೆಗಳ ದಾಖಲೆ ಹೋದದ್ದು ಹೋಯಿತು. ಆ ಸಂಸ್ಥೆ ಮುಚ್ಚುಮರೆ ಮಾಡದೆ, ನೌಕರನ ಹೆಸರನ್ನು ಹೊರಗೆಡಹದೆ, ನಡೆದದ್ದನ್ನೆಲ್ಲ ಲೋಕದ ಮುಂದಿಟ್ಟಿತು. ಮುಂದೆ ಮಾಡಬೇಕಾದ ಸುಧಾರಣೆಗಳ ಪಟ್ಟಿಯಲ್ಲಿ ಒಂದು ತೀರ ಸರಳವಾದದ್ದು: ಯಾವ ಯಂತ್ರದಲ್ಲಿದ್ದೇವೆಂಬುದು ಪ್ರತಿ ಸಾಲಿನ ಆರಂಭದಲ್ಲಿಯೇ ಎದ್ದು ಕಾಣಬೇಕು.

ಅನುಭವಸ್ಥರು ಈ ಪಾಠವನ್ನು ಆಚಾರವನ್ನಾಗಿ ಮಾಡಿಕೊಂಡಿದ್ದಾರೆ. ಮುಖ್ಯ ಯಂತ್ರದ ಕಿಟಕಿಗೆ ಕೆಂಪು ಬಣ್ಣ, ಪರೀಕ್ಷೆಯದಕ್ಕೆ ಹಸುರು. ಅಳಿಸುವ ಆಜ್ಞೆ ಒತ್ತುವ ಮುನ್ನ ‘ಹೋಸ್ಟ್‌ನೇಮ್’ ಎಂದು ಕೇಳಿ ಯಂತ್ರದ ಹೆಸರನ್ನು ಅದರ ಬಾಯಿಂದಲೇ ಹೇಳಿಸುವುದು. ನೋಡುವವರಿಗೆ ಇದು ಅತಿಯಾದ ಮಡಿಯಂತೆ ಕಂಡೀತು. ಆದರೆ ಔಷಧಿಯ ಶೀಸೆಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿ ಮಗುವಿಗೆ ಕುಡಿಸುವ ತಾಯಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯ ಕರೆಂಟು ಹೋದರೆ ಅಲ್ಲಿಯ ಕೆಲಸದ ಗತಿಯೇನು ಎಂದು ಕೇಳಬಹುದು. ಸಂಪರ್ಕ ಕಡಿದರೆ ಯೂನಿಕ್ಸು ತನ್ನ ಕೆಲಸಗಳಿಗೆ ಒಂದು ಸೂಚನೆ ಕಳುಹಿಸುತ್ತದೆ. ಟೆಲಿಫೋನಿನ ಕಾಲದಿಂದ ಬಂದ ಅದರ ಹೆಸರಿನ ಅರ್ಥ ‘ಆ ಕಡೆಯವರು ಫೋನು ಇಟ್ಟರು’ ಎಂದು. ಒಡೆಯನಿಲ್ಲವೆಂದು ತಿಳಿದ ಕೆಲಸ ಬಹುಮಟ್ಟಿಗೆ ಅಲ್ಲಿಗೇ ಪ್ರಾಣ ಬಿಡುತ್ತದೆ. ಅದಕ್ಕೂ ಪರಿಹಾರವಿದೆ: 1987ರಲ್ಲಿ ಬಂದ ‘ಸ್ಕ್ರೀನ್’, 2007ರಲ್ಲಿ ಬಂದ ‘ಟೀಮಕ್ಸ್’ ಮೊದಲಾದ ಉಪಕರಣಗಳು ಅಲ್ಲಿ ಕಾವಲಿದ್ದು, ಒಡೆಯ ಮತ್ತೆ ಬರುವವರೆಗೆ ಕೆಲಸವನ್ನು ನಡೆಸಿಕೊಂಡು ಹೋಗುತ್ತವೆ. ಕರೆಂಟು ಬಂದ ಮೇಲೆ ಗೃಹಸ್ಥ ಹಿಂದಿರುಗಿ ನೋಡಿದರೆ, ಬಿಟ್ಟ ಸಾಲು ಬಿಟ್ಟಲ್ಲಿಯೇ ಇರುತ್ತದೆ.

ಅಲ್ಲಿಯ ಕೆಲಸಕ್ಕೆ ಕಾವಲುಗಾರರಿದ್ದಾರೆ; ಇಲ್ಲಿ ಉಳಿದ ದೇಹಕ್ಕೆ ಕಾವಲು ಯಾರೆಂಬುದನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲ. ಕಾಫಿಯನ್ನು ಮತ್ತೆ ಬಿಸಿಮಾಡಿ ತಂದಿಡುವವಳು, ಸದ್ದಾಗದಂತೆ ಮಗುವನ್ನು ಒಳಕ್ಕೆ ಕರೆದೊಯ್ಯುವವರು, ಫ್ಯಾನನ್ನು ಒಂದು ಸುತ್ತು ಕಡಿಮೆ ಮಾಡುವವರು ಎಲ್ಲರೂ ಆ ಗುಹೆಯ ಬಾಗಿಲಿನಲ್ಲಿ ಕುಳಿತ ಶಿಷ್ಯರೇ. ಅವರಿಗೆ ಯೂನಿಕ್ಸು ತಿಳಿಯದು. ಅವನು ಇಲ್ಲಿಲ್ಲವೆಂಬುದು ಮಾತ್ರ ಚೆನ್ನಾಗಿ ತಿಳಿದಿದೆ. ಹತ್ತೂವರೆಯಾದ ಮೇಲೆ ತಾಯಿ, "ಏಳಪ್ಪಾ, ಸಾರು ಎರಡು ಸಲ ಕುದಿಸಿದ್ದಾಯಿತು" ಎಂದು ಕರೆಯುತ್ತಾರೆ. ಒಂದನೆಯ ಸಲ ಉತ್ತರವಿಲ್ಲ. ಎರಡನೆಯ ಸಲ "ಬಂದೆ" ಎಂಬ ಮಾತು ಎಲ್ಲಿಂದಲೋ ಬಂದಂತೆ ಬರುತ್ತದೆ. ದೂರದ ಯಂತ್ರದಿಂದ ಹೊರಡಲು ‘ಎಕ್ಸಿಟ್’ ಎಂಬ ನಾಲ್ಕು ಅಕ್ಷರದ ಇಂಗ್ಲಿಷು ಪದ ಸಾಕು. ಅಲ್ಲಿಂದ ಹೊರಟವನು ಪೂರ್ತಿಯಾಗಿ ಇಲ್ಲಿಗೆ ಬಂದು ಸೇರಬೇಕಾದರೆ ತಾಯಿ ಮೂರನೆಯ ಸಲವೂ ಕರೆಯಬೇಕಾಗುತ್ತದೆ.